ಮರಿಬೆಕ್ಕು ಊಟ ಬಿಟ್ಟರೆ ಹಾಲು ಹಿಡ್ಕೊಂಡು ಓಡಬೇಡಿ

ಈ ವಾರ ಬೆಳೆ ಬಗ್ಗೆ ಬರೀತಿಲ್ಲ. ಟೊಮೆಟೊ ಎಲೆ ಮುಟುರು ರೋಗದ ಬಗ್ಗೆ ಕೇಳಿದವರು ಒಂದು ವಾರ ತಡ್ಕೊಳ್ಳಿ. ಇವತ್ತು ಬರೀತಿರೋದು ಊಟ ಬಿಟ್ಟ ಬೆಕ್ಕಿನ ಮರಿ ಬಗ್ಗೆ. ಕೃಷಿ ಲೇಖನದಲ್ಲಿ ಬೆಕ್ಕಿನ ಮರಿಗೇನು ಕೆಲಸ ಅಂತ ನಗೋರು ನಗಬಹುದು. ಬಿತ್ತನೆ ಬೀಜದ ಚೀಲಕ್ಕೆ ಇಲಿ ಬಿದ್ದ ದಿನ ಆ ನಗು ಎಷ್ಟು ಹೊತ್ತು ಇರುತ್ತೆ ನೋಡೋಣ.

ನಾನಿರೋದು ಮೈಸೂರಿನ ಶ್ರೀರಾಂಪುರದಲ್ಲಿ, ತೋಟ ಇರೋದು ನಂಜನಗೂಡು ರಸ್ತೆ ಕಡೆ. ತೋಟಗಾರಿಕೆಯಲ್ಲಿ ಬಿಎಸ್ಸಿ ಮುಗಿಸಿ, ನಾಲ್ಕು ವರ್ಷ ಒಂದು ಬೀಜದ ಕಂಪನಿಯಲ್ಲಿ ದುಡಿದು, ಆಮೇಲೆ ಸಾವಯವಕ್ಕೆ ಬಂದವಳು. ಶೆಡ್ಡಿನಲ್ಲಿ ರಾಗಿ, ಅಲಸಂದೆ ಬೀಜ, ಕಡಲೆಕಾಯಿ ಹಿಂಡಿ ಎಲ್ಲಾ ಇರುತ್ತೆ. ಮೊದಲ ವರ್ಷ ಇಲಿಗಳು ಬೀಜ ತಿಂದದ್ದು ಸಾಲದು ಅಂತ ಹನಿ ನೀರಾವರಿ ಪೈಪನ್ನೂ ಕಡಿದು ಹಾಕಿದ್ದವು. ಪಾಷಾಣ ಇಡಲ್ಲ ಅಂತ ತೀರ್ಮಾನ ಮಾಡಿದ್ದೆ. ಎರಡನೇ ವರ್ಷ ಒಂದು ಹೆಣ್ಣು ಬೆಕ್ಕು ತಾನಾಗೇ ಬಂದು ಸೇರಿಕೊಂಡಿತು, ಇಲಿ ಕಾಟ ಅರ್ಧಕ್ಕರ್ಧ ಇಳೀತು. ಸಂಬಳ ಇಲ್ಲ, ರಜೆ ಇಲ್ಲ, ರಾತ್ರಿ ಪಾಳಿ. ನನ್ನ ತೋಟದಲ್ಲಿ ಇಷ್ಟು ಕೆಲಸ ಮಾಡೋ ಆಳು ಇನ್ನೊಂದಿಲ್ಲ.

ಆದರೂ ಅದರ ಮರಿಗೆ ಹುಷಾರಿಲ್ಲ ಅಂದಾಗ ನಾನು ಮಾಡಿದ್ದು ಏನು ಅಂತ ಮೊದಲು ಹೇಳಿಬಿಡ್ತೀನಿ. ಮೂರು ವರ್ಷದ ಹಿಂದೆ, ಡಿಸೆಂಬರ್ ಚಳಿಯಲ್ಲಿ, ಐದು ವಾರದ ಒಂದು ಕೆಂದು ಮರಿ, ಕೆಂಚ ಅಂತ ಕರೀತಿದ್ವಿ, ತಾಯಿ ಹತ್ತಿರ ಹೋಗೋದು ಬಿಟ್ಟು ಗೋಣಿಚೀಲದ ಮೇಲೆ ಮುದುರಿಕೊಂಡಿತ್ತು. ಬೆಳಗ್ಗೆ ನೋಡಿದೆ, 'ಸಂಜೆ ನೋಡೋಣ' ಅಂದುಕೊಂಡೆ. ಬದನೆ ನಾಟಿ ಇತ್ತು. ಸಂಜೆಗೆ ಮೈ ತಣ್ಣಗಿತ್ತು. ಹಸಿದಿರಬೇಕು ಅಂತ ಫೋನ್ ತೆಗೆದು ಒಂದು ವಿಡಿಯೊ ನೋಡಿದೆ. ಅದರಲ್ಲಿ ಯಾರೋ ಮರಿಯನ್ನು ಮಗು ಥರ ಅಂಗಾತ ಮಲಗಿಸಿ ಸಿರಿಂಜಿನಲ್ಲಿ ಹಾಲು ಹಾಕ್ತಿದ್ದರು, ಅದು ಚೀಪುತ್ತಿತ್ತು, ನೋಡೋಕೆ ಮುದ್ದಾಗಿತ್ತು. ನಾನೂ ಹಾಗೇ ಮಾಡಿದೆ. ಐದು ಎಂಎಲ್ ಹಸುವಿನ ಹಾಲು. ಅರ್ಧ ಮೂಗಿಂದ ಆಚೆ ಬಂತು, ಕೆಮ್ಮಿತು. ಒಳಗೆ ಹೋಯ್ತಲ್ಲ ಅಂತ ಸಮಾಧಾನ ಪಟ್ಟುಕೊಂಡು ಮಲಗಿದೆ. ಬೆಳಗ್ಗೆ ಹೊಟ್ಟೆ ಎಳೆದು ಎಳೆದು ಉಸಿರಾಡ್ತಿತ್ತು. ಆಟೋದಲ್ಲಿ ಆಸ್ಪತ್ರೆ ಮುಟ್ಟೋ ಮೊದಲೇ ಹೋಯ್ತು. ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು, ನಾನು ನಡೆದದ್ದು ಹೇಳಿದ್ದನ್ನು ಕೇಳಿ, "ಹಾಲು ಶ್ವಾಸಕೋಶಕ್ಕೆ ಇಳಿದಿರಬೇಕಮ್ಮ" ಅಂದರು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನನ್ನದು ಒಂದೇ ಮಾತು. ಮರಿ ಊಟ ಬಿಟ್ಟಿದೆ ಅಂದರೆ ಅದಕ್ಕೆ ತುರುಕೋದು ಚಿಕಿತ್ಸೆ ಅಲ್ಲ. ಊಟ ಬಿಡೋದು ರೋಗ ಅಲ್ಲ, ರೋಗದ ಗುರುತು. ನರ್ಸರಿ ಟ್ರೇನಲ್ಲಿ ಸಸಿ ಬಾಡಿದೆ ಅಂದ ಕೂಡಲೇ ನೀರು ಸುರಿಯೋನನ್ನು ಏನಂತೀವಿ? ಬುಡ ಕೊಳೆತು ಬಾಡಿರೋ ಸಸಿಗೆ ನೀರು ಹಾಕಿದರೆ ಇದ್ದ ಜೀವವೂ ಹೋಗುತ್ತೆ. ಮೊದಲು ಬೇರು ನೋಡು ಅಂತ ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಮರಿ ವಿಷಯದಲ್ಲಿ ನಾನು ಆ ಪಾಠ ಮರೆತಿದ್ದೆ. ನಾನು ಪಶುವೈದ್ಯೆ ಅಲ್ಲ. ಕೆಳಗಿರೋದು ಡಾಕ್ಟರ್ ಹತ್ತಿರ ಹೋಗೋವರೆಗೆ ಮರಿಯನ್ನು ಉಳಿಸಿಕೊಳ್ಳೋ ಕೆಲಸ, ಡಾಕ್ಟರ್ ಬದಲಿಗೆ ಮಾಡೋದಲ್ಲ.

ಗಂಟೆ ಲೆಕ್ಕ, ದಿನದ ಲೆಕ್ಕ ಅಲ್ಲ

ದೊಡ್ಡ ಬೆಕ್ಕು ಒಂದು ಹೊತ್ತು ತಿನ್ನದಿದ್ದರೆ ಎಲ್ಲೋ ಇಲಿ ಹೊಡೆದು ಬಂದಿರಬಹುದು. ಇಪ್ಪತ್ತನಾಲ್ಕು ಗಂಟೆ ದಾಟಿದರೆ ಮಾತ್ರ ಚಿಂತೆ. ಮರಿ ಹಾಗಲ್ಲ. ಅದರ ಮೈಯಲ್ಲಿ ಕೂಡಿಟ್ಟ ಸಕ್ಕರೆ, ಕೊಬ್ಬು ಎರಡೂ ಇಲ್ಲ. ನಾಲ್ಕು ವಾರದೊಳಗಿನ ಹಾಲು ಕುಡಿಯೋ ಮರಿ ಎರಡು ಸಲ ಹಾಲು ತಪ್ಪಿಸಿತು ಅಂದರೇ ತುರ್ತು. ಒಂದೂವರೆ ಎರಡು ತಿಂಗಳ ಮರಿ ಅರ್ಧ ದಿನ ಮುಟ್ಟದಿದ್ದರೆ ಅವತ್ತೇ ಡಾಕ್ಟರ್. ಅದರ ಜೊತೆ ವಾಂತಿ, ಭೇದಿ, ಮಂಕು ಇದ್ದರೆ ಅರ್ಧ ದಿನವೂ ಕಾಯಬೇಡಿ. ನಾವು 'ನಾಳೆ ನೋಡೋಣ' ಅನ್ನೋ ಆ ನಾಳೆ ಮರಿಯ ಪಾಲಿಗೆ ಬಹಳ ದೂರ.

ಮನೆಯಲ್ಲಿ ಅಡುಗೆಗೆ ಬಳಸೋ ಡಿಜಿಟಲ್ ತಕ್ಕಡಿ ಇದ್ದರೆ ಮರಿಗಳನ್ನು ದಿನಾ ತೂಗಿ. ಹುಟ್ಟಿದಾಗ ಸುಮಾರು 100 ಗ್ರಾಂ, ಆಮೇಲೆ ದಿನಕ್ಕೆ 10 ರಿಂದ 15 ಗ್ರಾಂ ಏರಬೇಕು. ತೂಕ ನಿಂತ ದಿನವೇ ನಿಮಗೆ ಎಚ್ಚರಿಕೆ ಸಿಗುತ್ತೆ. ಕಣ್ಣಿಗೆ ಕಾಣೋ ಹೊತ್ತಿಗೆ ಒಂದು ದಿನ ಕಳೆದುಹೋಗಿರುತ್ತೆ. ತೂಕ ಫೋನಿನಲ್ಲಿ ಬರೆದಿಟ್ಟುಕೊಳ್ಳೋದು ಕಷ್ಟವೇನಲ್ಲ, ಮಳೆ ಲೆಕ್ಕ ಬರೆದಿಡಲ್ವಾ?

ಮೊದಲು ಬಿಸಿ

ತಣ್ಣಗಿರೋ ಮರಿಗೆ ಹಾಲು, ಊಟ ಏನೂ ಕೊಡಬಾರದು. ಮೈ ತಣ್ಣಗಾದಾಗ ಅದರ ಕರುಳು ಕೆಲಸ ನಿಲ್ಲಿಸಿರುತ್ತೆ, ಒಳಗೆ ಹೋದದ್ದು ಜೀರ್ಣ ಆಗದೆ ಕೊಳೆಯುತ್ತೆ, ಇಲ್ಲವೇ ವಾಪಸ್ ಬಂದು ಶ್ವಾಸನಾಳಕ್ಕೆ ಹೋಗುತ್ತೆ. ಬೆಕ್ಕಿನ ಸಹಜ ಬಿಸಿ 100 ರಿಂದ 102 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮಗಿಂತ ಜಾಸ್ತಿ. ಹಸುಗೂಸು ಮರಿಯದು ಸ್ವಲ್ಪ ಕಮ್ಮಿ. ಥರ್ಮಾಮೀಟರ್ ಇಲ್ಲದಿದ್ದರೆ ಅಂಗಾಲು, ಕಿವಿ ಮುಟ್ಟಿ ನೋಡಿ, ಹೊಟ್ಟೆ ಕೆಳಗೆ ಕೈ ಇಡಿ. ನಿಮ್ಮ ಕೈಗೆ ತಣ್ಣಗೆ ಅನ್ನಿಸಿದರೆ ಅದು ತಣ್ಣಗಾಗಿದೆ ಅಂತಲೇ ಅರ್ಥ.

ಇದನ್ನು ನಾನು ಯಾವ ಪುಸ್ತಕದಿಂದಲೂ ಕಲೀಬೇಕಾಗಿರಲಿಲ್ಲ. ನಮ್ಮಜ್ಜಿ ಮಳೆಗಾಲದಲ್ಲಿ ನೆನೆದ ಆಡಿನ ಮರಿಯನ್ನು ಒಲೆ ಮುಂದೆ ಗೋಣಿ ಹಾಸಿ ಮಲಗಿಸಿ, ಅದರ ಬಾಯೊಳಗೆ ಬೆರಳಿಟ್ಟು ನೋಡೋರು. ಬಾಯಿ ಬೆಚ್ಚಗಾದ ಮೇಲೇ ಹಾಲು. "ತಣ್ಣನೆ ಒಲೆ ಮೇಲೆ ಅನ್ನ ಬೇಯುತ್ತೇನೇ?" ಅಂತಿದ್ರು. ಕೆಂಚ ಸತ್ತ ಮೇಲೆ ಅಮ್ಮ ಇದನ್ನು ನೆನಪಿಸಿದಾಗ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಮಾಡೋದು ಸುಲಭ. ಒಂದು ಲೀಟರ್ ನೀರಿನ ಬಾಟಲಿಗೆ ಕೈ ತಾಳೋವಷ್ಟು ಬಿಸಿ ನೀರು ತುಂಬಿ, ಹಳೇ ಪಂಚೆಯಲ್ಲಿ ಎರಡು ಸುತ್ತು ಸುತ್ತಿ, ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆ ಆದರೆ ಮರಿ ಆಚೆ ಸರೀಲಿ. ಬಾಟಲಿ ತಣ್ಣಗಾದ ಮೇಲೆ ಅದೇ ಮರಿಯ ಬಿಸಿ ಎಳೆಯುತ್ತೆ, ಬದಲಾಯಿಸ್ತಾ ಇರಿ. ಕೋಳಿಮರಿಗೆ ಹಾಕೋ ಬಲ್ಬೂ ಆಗುತ್ತೆ, ಆದರೆ ದೂರ ಇರಲಿ. ಬಿಸಿ ನೀರಲ್ಲಿ ಅದ್ದೋದು, ಹೇರ್ ಡ್ರೈಯರ್ ಹಿಡಿಯೋದು ಬೇಡ. ಒಂದೆರಡು ಗಂಟೆಯಲ್ಲಿ ನಿಧಾನಕ್ಕೆ ಬೆಚ್ಚಗಾಗಬೇಕು.

ಈ ಹೊತ್ತಿನಲ್ಲೇ ಸಕ್ಕರೆ. ಒಂದು ಚಮಚ ಬೆಚ್ಚನೆ ನೀರಿಗೆ ಒಂದು ಚಿಟಿಕೆ ಗ್ಲೂಕೋಸ್ ಪುಡಿ ಕರಗಿಸಿ, ಬೆರಳ ತುದಿಯಲ್ಲಿ ಅದ್ದಿ ವಸಡಿಗೆ ಸವರಿ. ಕುಡಿಸಬೇಡಿ, ಸವರಿ. ಎರಡು ಮೂರು ಹನಿ ಸಾಕು. ಗ್ಲೂಕೋಸ್ ಇಲ್ಲದಿದ್ದರೆ ಸಕ್ಕರೆ ನೀರೋ ಜೇನೋ ಆಗುತ್ತೆ. ತಲೆ ಎತ್ತದೆ ಮಲಗಿದ್ದ ಮರಿ ಇಷ್ಟಕ್ಕೇ ತಲೆ ಎತ್ತಿದ್ದು ನೋಡಿದ್ದೀನಿ. ಹಾಗಂತ 'ಆರಾಮಾಯ್ತು' ಅಂತ ಬಿಟ್ಟುಬಿಡೋದಲ್ಲ, ಆಸ್ಪತ್ರೆಗೆ ಹೋಗೋಕೆ ಸಿಕ್ಕ ಸಮಯ ಅದು.

ಒಂದು ಎಚ್ಚರಿಕೆ. ಮರಿ ಜೊಲ್ಲು ಸುರಿಸ್ತಾ, ನುಂಗಲಾಗದೆ, ಇದ್ದಕ್ಕಿದ್ದಂತೆ ಮೇಲೆ ಬಿದ್ದು ಕಚ್ಚೋಕೆ ಬರ್ತಿದ್ದರೆ ಬಾಯಿಗೆ ಬೆರಳು ಹಾಕಬೇಡಿ. ರೇಬೀಸ್ ನಾಯಿಗೆ ಮಾತ್ರ ಬರೋದಲ್ಲ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ. ಮರಿ ತಾನೇ ಅನ್ನಬೇಡಿ.

ಏನು ಕೊಡೋದು, ಹೇಗೆ ಕೊಡೋದು

ಬೆಕ್ಕು ಅಂದ ಕೂಡಲೇ ಹಾಲು ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದರೆ ಅದು ನಗೋ ಕತೆ ಆಗೋದೇ ಅದಕ್ಕೆ. ಆದರೆ ಬೆಕ್ಕಿನ ಹಾಲಿನಲ್ಲಿರೋ ಪ್ರೋಟೀನ್ ಹಸುವಿನ ಹಾಲಿನ ಎರಡರಷ್ಟಕ್ಕೂ ಹೆಚ್ಚು. ಹಸುವಿನ ಹಾಲಿನ ಲ್ಯಾಕ್ಟೋಸ್ ಮರಿಗೆ ಸುಲಭವಾಗಿ ಜೀರ್ಣ ಆಗಲ್ಲ, ಭೇದಿ ಶುರುವಾಗುತ್ತೆ. ಹುಷಾರಿಲ್ಲದ ಮರಿಗೆ ಭೇದಿ ಅಂದರೆ ಇದ್ದ ನೀರೂ ಹೋದಂಗೆ. ಹಾಲು ಕುಡಿಯೋ ಮರಿಗೆ ಅಂತಲೇ ಪೆಟ್ ಶಾಪ್‌ಗಳಲ್ಲಿ ಹಾಲಿನ ಪುಡಿ ಸಿಗುತ್ತೆ, ಮೈಸೂರಿನಲ್ಲಿ ಕಷ್ಟ ಇಲ್ಲ. ರಾತ್ರಿ ಹನ್ನೊಂದಕ್ಕೆ ಏನೂ ಸಿಗಲ್ಲ ಅಂದರೆ ಆಡಿನ ಹಾಲು ಆ ಒಂದು ರಾತ್ರಿಗೆ ನಡೆಯುತ್ತೆ, ಅಭ್ಯಾಸ ಮಾಡಬೇಡಿ.

ಸಿರಿಂಜ್ ಹಿಡಿಯೋ ರೀತಿ ಗಮನ ಇಟ್ಟು ಓದಿ, ನನ್ನ ತಪ್ಪು ಆಗಿದ್ದು ಇಲ್ಲೇ. ಮರಿ ನಾಲ್ಕೂ ಕಾಲಿನ ಮೇಲೆ, ಹೊಟ್ಟೆ ಕೆಳಗಾಗಿ ಇರಬೇಕು, ತಾಯಿ ಹತ್ತಿರ ಕುಡಿಯುವಾಗ ಇರೋ ಹಾಗೇ. ಅಂಗಾತ ಖಂಡಿತ ಬೇಡ. ತಲೆಯನ್ನು ಹಿಂದಕ್ಕೆ ಬಗ್ಗಿಸಬೇಡಿ. ಸೂಜಿ ತೆಗೆದ ಒಂದು ಎಂಎಲ್ ಸಿರಿಂಜ್ ತಗೊಂಡು ಬಾಯಿಯ ಪಕ್ಕದಿಂದ, ಕೋರೆಹಲ್ಲಿನ ಹಿಂದಿನ ಸಂದಿಯಿಂದ, ಒಂದೆರಡು ಹನಿ ಹಾಕಿ. ನುಂಗಿತಾ ನೋಡಿ. ನುಂಗಿದರೆ ಇನ್ನೆರಡು ಹನಿ. ನುಂಗಲಿಲ್ಲ, ಆಚೆ ಹರಿಯಿತು, ಕೆಮ್ಮಿತು ಅಂದರೆ ನಿಲ್ಲಿಸಿ. ನುಂಗೋ ಶಕ್ತಿ ಇಲ್ಲದ ಮರಿಗೆ ಮನೆಯಲ್ಲಿ ಕುಡಿಸೋದಲ್ಲ, ಡ್ರಿಪ್ ಹಾಕಿಸೋದು.

ಹಲ್ಲು ಬಂದು ತಿನ್ನೋಕೆ ಕಲಿತ ಮರಿಯಾದರೆ ಗುಟ್ಟು ಇರೋದು ವಾಸನೆಯಲ್ಲಿ. ಬೆಕ್ಕು ನಾಲಿಗೆಗಿಂತ ಮೂಗಿನಿಂದ ಊಟ ಮಾಡುತ್ತೆ. ನೆಗಡಿ ಆಗಿ ಮೂಗು ಕಟ್ಟಿದರೆ ಎದುರಿಗೆ ಬಂಗುಡೆ ಇಟ್ಟರೂ ಅದಕ್ಕೆ ಊಟ ಅಂತಲೇ ಗೊತ್ತಾಗಲ್ಲ. ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಪಿಚ್ಚು, ಕಣ್ಣಿನ ಪಿಸಿರು ಒರೆಸಿ. ಸ್ನಾನದ ಮನೆಯಲ್ಲಿ ಬಿಸಿ ನೀರು ಬಿಟ್ಟು ಹಬೆ ತುಂಬಿಸಿ, ಹತ್ತು ನಿಮಿಷ ಮರಿ ಹಿಡಿದುಕೊಂಡು ಕೂರಿ. ಆಮೇಲೆ ಬೇಯಿಸಿದ ಕೋಳಿಯನ್ನೋ ಜಿಲೇಬಿ ಮೀನನ್ನೋ ಮುಳ್ಳು ಮೂಳೆ ತೆಗೆದು, ಅದೇ ಬೇಯಿಸಿದ ನೀರಲ್ಲಿ ನುಣ್ಣಗೆ ಅರೆದು, ಉಗುರು ಬೆಚ್ಚಗೆ ಇಡಿ. ಫ್ರಿಜ್ಜಿಂದ ತೆಗೆದು ಹಾಗೇ ಇಟ್ಟರೆ ವಾಸನೆ ಏಳಲ್ಲ. ಮೂತಿಗೆ ಒಂಚೂರು ಸವರಿದರೆ ನೆಕ್ಕುತ್ತೆ, ರುಚಿ ಹತ್ತಿದರೆ ತಾನೇ ಬರುತ್ತೆ. ಇಟ್ಟ ಊಟ ಅರ್ಧ ಗಂಟೆ ಮುಟ್ಟದಿದ್ದರೆ ತೆಗೆದುಬಿಡಿ. ಮೂತಿ ಮುಂದೆ ಹಿಡಿದು ಹಿಡಿದು ಪೀಡಿಸಿದರೆ ಆ ಊಟವನ್ನೇ ದ್ವೇಷಿಸುತ್ತೆ.

ಮನೆಯ ಕೋಳಿ ಸಾರಿನ ತುಂಡು ತೊಳೆದು ಹಾಕ್ತೀನಿ ಅಂತೀರಾ? ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತೆ. ಹಸಿ ಕೋಳಿಯೂ ಬೇಡ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಿಗೆ ಎಚ್5ಎನ್1 ಹಕ್ಕಿಜ್ವರ ತಗುಲಿತ್ತು. ಹಕ್ಕಿಜ್ವರ ನಮಗೇನೂ ಹೊಸದಲ್ಲ, 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಕೋಳಿಗಳನ್ನು ಕೊಲ್ಲಬೇಕಾಗಿ ಬಂದಿತ್ತು. ಬೇಯಿಸಿ ಹಾಕಿದರೆ ಆ ಭಯ ಇಲ್ಲ.

ನಮ್ಮೂರಲ್ಲಿ ಮಾಂಸ ತಿನ್ನದ ಮನೆಗಳು ಬೇಕಾದಷ್ಟಿವೆ, ಅಲ್ಲಿ ಬೆಕ್ಕಿಗೆ ಮೊಸರನ್ನವೇ ಗತಿ. ದೊಡ್ಡ ಬೆಕ್ಕು ಹೊರಗೆ ಬೇಟೆ ಆಡಿ ಸರಿದೂಗಿಸಿಕೊಳ್ಳುತ್ತೆ, ಮರಿಗೆ ಅದಾಗಲ್ಲ. ಟಾರಿನ್ ಅನ್ನೋ ಅಂಶ ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ. ಅದು ಸಾಲದೆ ಹೋದರೆ ಬೆಕ್ಕಿನ ಹೃದಯ ದುರ್ಬಲ ಆಗುತ್ತೆ ಅಂತ 1987ರಲ್ಲೇ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ, ಕಣ್ಣೂ ಕೆಡುತ್ತೆ. ಮನೆಯಲ್ಲಿ ಮಾಂಸ ಬೇಯಿಸಲ್ಲ ಅನ್ನೋರು ಪ್ಯಾಕೆಟ್ ಆಹಾರ ತನ್ನಿ. ನಿಮ್ಮ ಆಚಾರ ನಿಮ್ಮದು, ಬೆಕ್ಕಿನ ಕರುಳು ಬೆಕ್ಕಿನದು.

ಯಾಕೆ ತಿಂತಿಲ್ಲ?

ಇಷ್ಟೆಲ್ಲ ಮಾಡುವಾಗ ಕಣ್ಣು ಕಾರಣ ಹುಡುಕ್ತಾ ಇರಬೇಕು. ಬೆಳಕಲ್ಲಿ ತುಟಿ ಎತ್ತಿ ವಸಡು ನೋಡಿ. ನಸುಗೆಂಪು ಇದ್ದರೆ ಸರಿ. ಬಿಳುಚಿಕೊಂಡಿದ್ದರೆ ರಕ್ತ ಕಮ್ಮಿ ಆಗಿದೆ, ಚಿಗಟ, ಜಂತುಹುಳು, ಇಲ್ಲವೇ ಒಳಗೆ ರಕ್ತಸ್ರಾವ. ಹಳದಿ ಇದ್ದರೆ ಈಲಿ ಕೆಟ್ಟಿರಬಹುದು. ನಾಲಿಗೆ ಮೇಲೆ ಹುಣ್ಣಿದೆಯಾ, ಗಂಟಲಲ್ಲಿ ಮುಳ್ಳಿದೆಯಾ ನೋಡಿ. ಟೊಮೆಟೊ, ಬೀನ್ಸ್ ಕಟ್ಟೋ ದಾರ ಶೆಡ್ಡಿನ ತುಂಬ ಬಿದ್ದಿರುತ್ತಲ್ಲ, ಮರಿಗಳಿಗೆ ಅದು ಆಟದ ಸಾಮಾನು. ನುಂಗಿದ ದಾರ ನಾಲಿಗೆ ಬುಡಕ್ಕೆ ಸಿಕ್ಕಿಕೊಂಡಿದ್ದರೆ ಎಳೀಬೇಡಿ. ಇನ್ನೊಂದು ತುದಿ ಕರುಳಲ್ಲಿರುತ್ತೆ, ಎಳೆದರೆ ಕರುಳು ಕೊಯ್ಯುತ್ತೆ.

ಮರಿ ಹಳದಿ ನೊರೆ ವಾಂತಿ ಮಾಡ್ತಾ, ನೀರಿನ ಬಟ್ಟಲ ಮೇಲೆ ತಲೆ ಬಗ್ಗಿಸಿ ಕೂತು, ಆದರೆ ಕುಡಿಯದೇ ಇದ್ದರೆ ನನಗೆ ಕೈಕಾಲು ನಡುಗುತ್ತೆ. ಅದು ಎಫ್‌ಪಿವಿ, ಪ್ಯಾನ್‌ಲ್ಯೂಕೋಪೀನಿಯಾ ಇರಬಹುದು. ನಾಯಿ ಸಾಕಿದವರಿಗೆ ಪಾರ್ವೋ ಗೊತ್ತಿರುತ್ತೆ, ಇದು ಅದರ ದಾಯಾದಿ. ಬಿಳಿ ರಕ್ತಕಣಗಳನ್ನೇ ನೆಲಕಚ್ಚಿಸುತ್ತೆ. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಇದು ಹರಡಿ ಹತ್ತಾರು ಬೆಕ್ಕು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮನುಷ್ಯರಿಗೆ ಬರಲ್ಲ. ವೈರಸ್ ಕೊಲ್ಲೋ ಔಷಧಿ ಇಲ್ಲ, ಆದರೆ ಬೇಗ ಡ್ರಿಪ್, ಆಂಟಿಬಯೋಟಿಕ್ ಸಿಕ್ಕ ಮರಿಗಳು ಉಳೀತವೆ. ಇದಕ್ಕೆ ಮನೆಮದ್ದು ಹುಡುಕ್ತಾ ಕೂರೋದು ಅಂದರೆ ಮರಿ ಸಾಯೋಕೆ ಸಮಯ ಕೊಟ್ಟ ಹಾಗೆ. ಈ ವೈರಸ್ ಶೆಡ್ಡಿನಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಇರಬಲ್ಲದು. ಒಂದು ಮರಿ ಸತ್ತ ಜಾಗಕ್ಕೆ ಲಸಿಕೆ ಇಲ್ಲದ ಇನ್ನೊಂದನ್ನು ತರಬೇಡಿ. ನೆಲ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಫಿನಾಯಿಲ್ ಹಾಕಬೇಡಿ, ಅದು ಬೆಕ್ಕಿಗೇ ವಿಷ.

ಇನ್ನು ಇಲಿ ಪಾಷಾಣ. ನೀವು ಇಡದಿದ್ದರೂ ಪಕ್ಕದವರು ಇಟ್ಟಿರ್ತಾರೆ. ಬ್ರೋಮಾಡಿಯೋಲೋನ್ ತಿಂದ ಇಲಿಯನ್ನು ಬೆಕ್ಕು ತಿಂದರೆ ಗುರುತು ಕಾಣೋದು ಎರಡು ಮೂರು ದಿನ ಬಿಟ್ಟು. ಮಂಕು, ಊಟ ಬೇಡ, ವಸಡು ಬಿಳುಪು. ಅದಕ್ಕೆ ವಿಟಮಿನ್ ಕೆ1 ಅನ್ನೋ ಮದ್ದಿದೆ, ಬೇಗ ಹೋದರೆ ಉಳಿಯುತ್ತೆ. ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವೇ ಇಲ್ಲ. ಅಕ್ಕಪಕ್ಕ ಏನು ಇಟ್ಟಿದ್ದಾರೆ ಅಂತ ಕೇಳಿಕೊಂಡು, ಪ್ಯಾಕೆಟ್ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ. ಜಗಳಕ್ಕೆ ಹೋಗಬೇಡಿ, ಅವತ್ತು ಬೇಕಾಗಿರೋದು ಪ್ಯಾಕೆಟ್ ಮಾತ್ರ.

ಮನೆ ಮೆಡಿಕಲ್ ಡಬ್ಬಿ ಮುಚ್ಚಿಡಿ

ಜ್ವರ ಅಂತ ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಟ್ಟೆ ಅನ್ನೋರನ್ನು ವರ್ಷಕ್ಕೆ ಎರಡು ಮೂರು ಜನ ನೋಡ್ತೀನಿ. ಲೆಕ್ಕ ಹಾಕೋಣ. 500 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ 125 ಮಿಲಿಗ್ರಾಂ. ಮರಿ ತೂಕ ಅರ್ಧ ಕಿಲೋ. ಅಂದರೆ ಕಿಲೋಗೆ 250 ಮಿಲಿಗ್ರಾಂ. 60 ಕಿಲೋ ಮನುಷ್ಯ ಒಂದೇ ಸಲ ಮೂವತ್ತು ಮಾತ್ರೆ ನುಂಗಿದ ಹಾಗೆ. ಸಾಲದ್ದಕ್ಕೆ, ಆ ಔಷಧಿಯನ್ನು ಕರಗಿಸಿ ಹೊರಹಾಕೋ ಕಿಣ್ವವೇ ಬೆಕ್ಕಿನ ಈಲಿಯಲ್ಲಿ ಸಾಕಷ್ಟಿಲ್ಲ. ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರುಕಟ್ಟಿ ಸಾಯುತ್ತೆ. ಕಾಲು ಅಲ್ಲ, ಚೂರೂ ಬೇಡ.

ಹಸುವಿನ ಉಣ್ಣೆಗೆ ಹಚ್ಚೋ ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್ ಕೂಡ ಬೆಕ್ಕಿಗೆ ವಿಷ. ಮರಿಯ ಚಿಗಟಕ್ಕೆ ಅದನ್ನೇ ಒಂದು ಹನಿ ಅಂತ ಹಚ್ಚೋರಿದ್ದಾರೆ. ಸಾವಯವದವರೂ ಬೀಗಬೇಡಿ. ನೀಲಗಿರಿ ಎಣ್ಣೆ, ಬೆಳ್ಳುಳ್ಳಿ ಕಷಾಯ ಬೆಳೆಗೆ ಒಳ್ಳೇದಿರಬಹುದು, ಬೆಕ್ಕಿಗಲ್ಲ. ನೈಸರ್ಗಿಕ ಅಂದ ಮಾತ್ರಕ್ಕೆ ನಿರಪಾಯ ಅನ್ನೋ ನಂಬಿಕೆ ನಮ್ಮ ಗುಂಪಿನ ದೊಡ್ಡ ಕಾಯಿಲೆ, ಇದನ್ನು ಬರೆದದ್ದಕ್ಕೆ ಬೈಯ್ಯೋರು ಬೈಯಲಿ. ಹೂ ಬೆಳೆಯೋರಿಗೆ ಇನ್ನೊಂದು ಮಾತು. ಬೊಕೆಗೆ ಹೋಗೋ ಏಷಿಯಾಟಿಕ್, ಓರಿಯೆಂಟಲ್ ಲಿಲಿಯ ಎಲೆ, ಹೂ, ಪರಾಗ ಎಲ್ಲವೂ ಬೆಕ್ಕಿನ ಕಿಡ್ನಿ ಕೆಡಿಸುತ್ತೆ. ಲಿಲಿ ಇರೋ ಪಾಲಿಹೌಸಿಗೆ ಮರಿ ಬಿಡಬೇಡಿ.

ಫೋನ್ ಹೇಗೆ ಬಳಸೋದು? ನಾನು ಬಳಸಿದ ಹಾಗಂತೂ ಅಲ್ಲ. ಮರಿ ಉಸಿರಾಡೋದನ್ನು ಇಪ್ಪತ್ತು ಸೆಕೆಂಡ್ ವಿಡಿಯೊ ಮಾಡಿ, ವಸಡು, ವಾಂತಿ, ಭೇದಿ ಫೋಟೊ ತೆಗೀರಿ, ಕೊನೆಗೆ ತಿಂದದ್ದು ಎಷ್ಟು ಹೊತ್ತಿಗೆ, ತೂಕ ಎಷ್ಟು ಬರೆದಿಡಿ. ಇದನ್ನು ಡಾಕ್ಟರಿಗೆ ಕಳಿಸಿ, ಗ್ರೂಪಿಗಲ್ಲ. ಗ್ರೂಪಿನಲ್ಲಿ ಇಪ್ಪತ್ತು ಉತ್ತರ ಬರುತ್ತೆ, ಅದರಲ್ಲಿ ಯಾವುದು ಮರಿಯನ್ನು ಕೊಲ್ಲುತ್ತೆ ಅಂತ ನಿಮಗೆ ಗೊತ್ತಾಗಲ್ಲ.

ಈಗ ನನ್ನ ಜೊತೆ ವಾದ ಮಾಡೋರ ಮಾತಿಗೆ ಬರ್ತೀನಿ. "ಬಲ ಇಲ್ಲದ ಮರಿ ಸಾಯಲಿ, ಅದು ಪ್ರಕೃತಿ ನಿಯಮ, ಸಾವಯವದವಳು ನೀನೇ ಅಡ್ಡ ಬರ್ತೀಯಲ್ಲ" ಅಂತ ನನ್ನ ಜೊತೆ ಓದಿದ ಗೆಳೆಯ ಒಬ್ಬ ಯಾವಾಗಲೂ ಹೇಳ್ತಾನೆ. ಅವನ ಮಾತು ಪೂರ್ತಿ ತಳ್ಳಿಹಾಕಲ್ಲ. ಹುಟ್ಟಿನಲ್ಲೇ ಊನ ಇರೋ ಮರಿಗಳು ಏನು ಮಾಡಿದರೂ ಉಳಿಯಲ್ಲ. ಆದರೆ ಶೆಡ್ ನಾವು ಕಟ್ಟಿದ್ದು, ಧಾನ್ಯ ನಾವು ಪೇರಿಸಿದ್ದು, ಇಲಿ ಬಂದದ್ದು ಅದಕ್ಕೆ, ಬೆಕ್ಕು ಬಂದದ್ದು ಇಲಿಗೆ. ಇದರಲ್ಲಿ ಪ್ರಕೃತಿ ಎಲ್ಲಿದೆ? ಅದೇ ಗೆಳೆಯ ತನ್ನ ಹಸು ಮೇವು ಬಿಟ್ಟರೆ ಒಂದು ಗಂಟೆಯಲ್ಲಿ ಡಾಕ್ಟರನ್ನು ಬೈಕಲ್ಲಿ ಕೂರಿಸಿಕೊಂಡು ಬರ್ತಾನೆ. ಆವಾಗ ಪ್ರಕೃತಿ ನೆನಪಾಗಲ್ಲ.

ದುಡ್ಡಿನ ಮಾತು ನಿಜ, ಅದನ್ನು ನಾನು ಹಗುರ ಮಾಡಲ್ಲ. ತೀರಾ ಕೆಟ್ಟು ಹೋದ ಮೇಲೆ ಮೂರು ನಾಲ್ಕು ದಿನ ಡ್ರಿಪ್ ಅಂದರೆ ಸಣ್ಣ ರೈತನಿಗೆ ಹೊರೆಯೇ. ಬೇಗ ಹೋದರೆ ಖರ್ಚೂ ಕಮ್ಮಿ ಅನ್ನೋದು ಅದಕ್ಕೇ. ಪಶು ಆಸ್ಪತ್ರೆ ಸಾಲಿನಲ್ಲಿ ಬೆಕ್ಕಿನ ಮರಿ ಹಿಡಿದು ನಿಂತಾಗ "ಏನಕ್ಕಾ, ಬೆಕ್ಕಿಗೂ ಡಾಕ್ಟ್ರಾ?" ಅಂತ ಕೇಳಿಸಿಕೊಂಡಿದ್ದೀನಿ. ನಾಚಿಕೆಗೆ ಮನೆಯಲ್ಲೇ ಉಳಿದ ಮರಿಗಳು ದುಡ್ಡಿಲ್ಲದೆ ಉಳಿದವಕ್ಕಿಂತ ಜಾಸ್ತಿ ಅನ್ನೋದು ನನ್ನ ಅನಿಸಿಕೆ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದನಕ್ಕೆ ಸಿಗೋ ಗಮನ ಬೆಕ್ಕಿಗೆ ಸಿಗಲ್ಲ, ಬೆಕ್ಕಿನ ಲಸಿಕೆ ಎಲ್ಲಾ ಕಡೆ ಇರಲ್ಲ. ನಾವು ಹೋಗಿ ಕೇಳದೆ ಅದು ಬದಲಾಗೋದು ಹೇಗೆ? ಪಶುಸಂಗೋಪನೆ ಇಲಾಖೆಯ 1962 ಸಹಾಯವಾಣಿ ಮುಖ್ಯವಾಗಿ ಜಾನುವಾರಿಗೆ ಇರೋದು, ಆದರೂ ಹತ್ತಿರದಲ್ಲಿ ಯಾವ ಡಾಕ್ಟರ್ ಇದ್ದಾರೆ ಅಂತ ಕೇಳೋಕೆ ಅಡ್ಡಿ ಇಲ್ಲ. ಬೆಂಗಳೂರಿನ ಹೆಬ್ಬಾಳ, ಹಾಸನದಲ್ಲಿ ಪಶುವೈದ್ಯ ಕಾಲೇಜುಗಳಿವೆ, ಕಷ್ಟದ ಕೇಸಿಗೆ ಅವು ನೆನಪಿರಲಿ. ರಾತ್ರಿ ಹೊತ್ತು ಬೆಕ್ಕು ನೋಡೋ ಡಾಕ್ಟರ್ ಯಾರು ಅಂತ ಮರಿ ಆರೋಗ್ಯವಾಗಿರುವಾಗಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ.

ಆರು ವಾರದ ಹಿಂದೆ ಅದೇ ತಾಯಿಯ ಇನ್ನೊಂದು ಸೂಲಿನ ಮರಿ, ಬೂದಿ, ಏಳು ವಾರದ್ದು, ಬೆಳಗ್ಗೆ ಬಟ್ಟಲ ಹತ್ತಿರ ಬರಲಿಲ್ಲ. ಮೂಗು ಕಟ್ಟಿತ್ತು, ಕಣ್ಣು ಅಂಟಿತ್ತು, ತೂಕ 520 ಗ್ರಾಂ, ಹಿಂದಿನ ದಿನಕ್ಕಿಂತ 20 ಕಮ್ಮಿ. ಅವತ್ತು ಕೊಯ್ಲು ಇತ್ತು, ಭಾನುವಾರದ ಸಂತೆಗೆ ಸೊಪ್ಪು ಕಟ್ಟಬೇಕಿತ್ತು. ಸೊಪ್ಪಿನ ಕೆಲಸ ಅಮ್ಮನಿಗೆ ಬಿಟ್ಟು, ಬಾಟಲಿ ಸುತ್ತಿದ ಪೆಟ್ಟಿಗೆಯಲ್ಲಿ ಮರಿ ಇಟ್ಟುಕೊಂಡು ಹತ್ತು ಗಂಟೆಗೆ ಆಸ್ಪತ್ರೆಯಲ್ಲಿದ್ದೆ. ಜ್ವರ ಇತ್ತು, ನೆಗಡಿ ಶ್ವಾಸಕೋಶಕ್ಕೆ ಇಳಿದಿರಲಿಲ್ಲ. ಚರ್ಮದ ಕೆಳಗೆ ಸಲೈನ್ ಕೊಟ್ಟರು, ಔಷಧಿ ಬರೆದರು. ಎರಡು ದಿನ ಎರಡೆರಡು ಗಂಟೆಗೊಮ್ಮೆ ಹನಿ ಹನಿ. ಅಲಾರಂ ಇಟ್ಟುಕೊಂಡು ಎದ್ದೆ, ಸುಳ್ಳು ಯಾಕೆ, ನಡುವೆ ಅಳುವೂ ಬಂತು. ಮೂರನೇ ದಿನ ಬೆಳಗ್ಗೆ ಬೇಯಿಸಿದ ಮೀನಿನ ಪಾತ್ರೆ ಮುಚ್ಚಳ ತೆಗೆದಾಗ ಪೆಟ್ಟಿಗೆಯಿಂದ ತಾನೇ ಇಳಿದು ಬಂತು.

ಜಂತುಹುಳು ಔಷಧಿ ಹಾಕಿಸಿ, ಹತ್ತು ವಾರಕ್ಕೆ ಮೊದಲ ಲಸಿಕೆ ಆಯ್ತು. ಎಫ್‌ಪಿವಿ, ನೆಗಡಿ ವೈರಸ್‌ಗಳು ಎಲ್ಲಾ ಸೇರಿ ಒಂದೇ ಇಂಜೆಕ್ಷನ್, ಎಂಟು ಒಂಬತ್ತು ವಾರಕ್ಕೆ ಶುರು ಮಾಡಿ ಮೂರು ನಾಲ್ಕು ವಾರ ಬಿಟ್ಟು ಮತ್ತೊಂದು. ತಾಯಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೀನಿ, ಒಂದು ಶೆಡ್ಡಿಗೆ ಎರಡು ಬೆಕ್ಕು ಸಾಕು. ಬೂದಿಗೆ ಎರಡನೇ ಡೋಸ್ ಮತ್ತು ರೇಬೀಸ್ ಲಸಿಕೆ ಈ ಶನಿವಾರ. ಪಕ್ಕದ ತೋಟದ ಹುಡುಗ ತನ್ನ ಎರಡು ಮರಿಗಳನ್ನೂ ಕರ್ಕೊಂಡು ಬರ್ತೀನಿ ಅಂದಿದ್ದಾನೆ. "ಅಕ್ಕಾ, ಟೊಮೆಟೊ ಕ್ರೇಟಿನಲ್ಲಿ ತರಬಹುದಾ?" ಅಂತ ಕೇಳಿದ. ಮೇಲೆ ಬಲೆ ಕಟ್ಟಿಕೊಂಡು ಬಾ ಅಂದಿದ್ದೀನಿ.